ನೆಟ್ಟನೆಯ ಗಳೆ, ಸುತ್ತಿಕೊಂಡ ಬೇರು
(ನಮ್ಮ ಸೀಮೆಯ ಬಿದಿರಿನ ಚರಿತ್ರೆ ಮತ್ತು ಶ್ರಾವಕಧರ್ಮ)

ಸಂಸ್ಕೃತದಲ್ಲಿ 'ವಂಶ' ಎಂಬ ಶಬ್ದಕ್ಕೆ ಕುಲಪರಂಪರೆ ಎಂಬ ಅರ್ಥವಿರುವಂತೆಯೇ ಬಿದಿರು ಎಂಬ ಅರ್ಥವೂ ಉಂಟು. ಗಿಣ್ಣಿನ ಮೇಲೆ ಗಿಣ್ಣಾಗಿ ಬೆಳೆಯುವ ಈ ಸಸ್ಯದಲ್ಲಿ ನಮ್ಮ ಹಿರಿಯರು ತಲೆಮಾರುಗಳ ಸಾಲನ್ನು ಕಂಡಿರಬೇಕು. ಜೈನರಾದ ನಮಗೆ ಈ ಸಸ್ಯದೊಡನೆ ಮತ್ತೊಂದು ನಂಟಿದೆ. ಜೈನಕಾಶಿಯೆಂದು ಕೀರ್ತಿ ಪಡೆದ ಮೂಡಬಿದಿರೆಯ ಹೆಸರಿನಲ್ಲಿಯೇ ಬಿದಿರು ಇದೆ. ವೇಣುಪುರ, ವಂಶಪುರ ಎಂಬುವು ಅದೇ ಊರಿನ ಸಂಸ್ಕೃತ ನಾಮಗಳು. ಶ್ರವಣಬೆಳಗೊಳದ ಕಡೆಯಿಂದ ಹೋದ ಮುನಿಗಳೊಬ್ಬರಿಗೆ ಅಲ್ಲಿಯ ಬಿದಿರ ಮೆಳೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬ ದೊರೆಯಿತೆಂದು ಗುರುಬಸದಿಯ ಸ್ಥಳಪ್ರತೀತಿ ಹೇಳುತ್ತದೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದೂ ಆ ಬಿದಿರೂರೇ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ವಾಣಿಜ್ಯ ಪದವಿ ಪಡೆದು ದವಸದ ಅಂಗಡಿಯಲ್ಲಿ ಆಯುಷ್ಯದ ಬಹುಭಾಗ ಕಳೆದವನು. ಆದರೆ ವ್ಯಾಪಾರಿಯಾದವನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ವಸ್ತು ಬಿದಿರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಜನಜೀವನದಲ್ಲಿ ಅದು ಹೇಗೆ ಬಳಕೆಯಾಯಿತು, ನಮ್ಮ ಶಾಸ್ತ್ರಗಳು ಅದರ ಮೂಲಕ ನಮಗೇನು ತಿಳಿಸಿವೆ ಎಂಬುದನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ನಿವೇದಿಸುತ್ತೇನೆ.

ಎರಡು ಜಾತಿ, ನೂರು ಉಪಯೋಗ

ನಮ್ಮ ಸೀಮೆಯ ಜನ ಮುಖ್ಯವಾಗಿ ಎರಡು ಜಾತಿಯ ಬಿದಿರನ್ನು ಬಲ್ಲರು. ಒಂದು ಮುಳ್ಳುಳ್ಳ ಹೆಬ್ಬಿದಿರು. ಇದು ನೀರಿನ ಆಸರೆಯಿರುವಲ್ಲಿ ಭಾರಿ ಮೆಳೆಯಾಗಿ ಬೆಳೆಯುತ್ತದೆ, ಕಾಂಡ ಪೊಳ್ಳು. ಇನ್ನೊಂದು ಒಣಸೀಮೆಯ ಕಿರುಬಿದಿರು. ಇದರ ಕಾಂಡ ಸಣ್ಣದು, ಒಳಗೆ ಬಹುಮಟ್ಟಿಗೆ ಗಟ್ಟಿ. ಆದುದರಿಂದ ದೊಣ್ಣೆಗೂ ಹತಾರಗಳ ಹಿಡಿಗೂ ಇದೇ ಬೇಕು. ನಾಗಮಂಗಲ, ಕೃಷ್ಣರಾಜಪೇಟೆಗಳು ರಾಗಿ ಹುರುಳಿಯ ಮೈದಾನಗಳಾದುದರಿಂದ ಹೊಲದ ಬದುವಿನ, ಹಳ್ಳದ ಅಂಚಿನ ಮೆಳೆಗಳನ್ನು ಬಿಟ್ಟರೆ ಇಲ್ಲಿ ದೊಡ್ಡ ಬಿದಿರುಕಾಡಿಲ್ಲ. ಹೆಗ್ಗಡದೇವನಕೋಟೆ ಮತ್ತು ಕೊಡಗಿನ ಕಾಡುಗಳೇ ಈ ಭಾಗದ ಬಿದಿರಿನ ತವರು.

ಬಿದಿರನ್ನು ಸೀಳಿ ಹೆಣೆಯುವ ಕುಲಕಸುಬು ಮೇದರದು. 12ನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರು ಬುಟ್ಟಿ ಹೆಣೆಯುವ ಕಾಯಕದಿಂದಲೇ ಹೆಸರಾದರು. ಮೊರ, ಜರಡಿ, ಕುಕ್ಕೆ, ಮಂಕರಿ, ತಟ್ಟಿ, ಏಣಿ, ಬೀಸಣಿಗೆ, ದವಸದ ಕಣಜ, ಹಣ್ಣು ಕೀಳುವ ದೋಟಿ ಎಲ್ಲವೂ ಬಿದಿರಿನಿಂದಲೇ ಆಗಬೇಕಾಗಿತ್ತು. ಮಗು ಮಲಗುವ ತೊಟ್ಟಿಲೂ ಬಿದಿರು, ಕಡೆಗೆ ಹೊರುವ ಚಟ್ಟವೂ ಬಿದಿರು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಗಳಲ್ಲಿ ಸ್ವಾಮಿಯ ಹಿಂದೆ ಏಳುತ್ತಿದ್ದ ಅಟ್ಟಣಿಗೆಯೂ ಹಿಂದಿನ ಕಾಲದಲ್ಲಿ ಮರ ಬಿದಿರುಗಳದೇ. 2018ರ ಅಭಿಷೇಕದ ವೇಳೆಗೆ ಅದು ಪೂರ್ಣ ಲೋಹದ್ದಾಗಿತ್ತು.

ಜೈನ ಗೃಹಿಣಿಯ ಕೈಯಲ್ಲಿ ಮೊರಕ್ಕೆ ವಿಶೇಷ ಸ್ಥಾನವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅನ್ಯರಿಗೆ ಅದು ಹೊಟ್ಟು ತೂರುವ ಸಾಧನ. ನಮ್ಮ ತಾಯಂದಿರಿಗೆ ಅದು ಜೀವದಯೆಯ ಉಪಕರಣ. ಬೆಳಕಿಗೆ ಮೊರ ಹಿಡಿದು, ಕಾಳನ್ನು ತೆಳ್ಳಗೆ ಹರಡಿ, ಹುಳುವನ್ನು ಹಾನಿಯಾಗದಂತೆ ಬೇರ್ಪಡಿಸಿ ನೆರಳಿನಲ್ಲಿ ಬಿಟ್ಟ ನಂತರವೇ ಅಡಿಗೆ. ಹೆಣೆದ ಮೊರದ ಸಣ್ಣ ಸಂದುಗಳಲ್ಲಿ ಗಾಳಿಯಾಡುವುದರಿಂದ ಒದ್ದೆಯ ಕಾಳೂ ಮುಗ್ಗುವುದಿಲ್ಲ. ಇಂದಿನ ಪ್ಲಾಸ್ಟಿಕ್ ತಟ್ಟೆಗಳಿಗೆ ಈ ಗುಣವಿಲ್ಲ.

ಶ್ರೀರಂಗಪಟ್ಟಣದ ಮೂರು ವಸ್ತುಗಳು

ಒಂದೇ ಬಿದಿರು ಯಾರ ಕೈಗೆ ಹೋಗಿ ಏನಾಗುತ್ತದೆಂಬುದನ್ನು ತಿಳಿಯಲು ಶ್ರೀರಂಗಪಟ್ಟಣದ ಚರಿತ್ರೆಗಿಂತ ಉತ್ತಮವಾದ ಪಾಠಶಾಲೆ ಬೇರೆ ಬೇಡ. ಆದಿನಾಥ ಸ್ವಾಮಿಯ ಬಸದಿಯಿರುವ ಈ ಊರು 1610ರಿಂದ 1799ರವರೆಗೆ ಮೈಸೂರಿನ ರಾಜಧಾನಿಯಾಗಿತ್ತು.

ಮೊದಲನೆಯದು ಅಗ್ನಿಬಾಣ. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳು ಬಳಸಿದ ಬಾಣಗಳಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಉದ್ದನೆಯ ಬಿದಿರಿನ ಗಳುವಿಗೆ ಬಿಗಿದಿರುತ್ತಿದ್ದರು. ಹಾರುವಾಗ ಬಾಣದ ದಿಕ್ಕು ತಪ್ಪದಂತೆ ಹಿಡಿಯುವುದು ಆ ಗಳುವಿನ ಕೆಲಸ. 1780ರ ಪೊಳ್ಳಿಲೂರು ಯುದ್ಧದಲ್ಲಿಯೂ 1799ರ ಮುತ್ತಿಗೆಯಲ್ಲಿಯೂ ಇಂಗ್ಲಿಷರು ಇದರ ರುಚಿ ಕಂಡರು. ಅನಂತರ ಇಂಗ್ಲೆಂಡಿನಲ್ಲಿ ಕಾಂಗ್ರೀವನು ಇದನ್ನೇ ಅನುಸರಿಸಿ ಹೊಸ ಬಾಣಗಳನ್ನು ತಯಾರಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದವು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಹಿಂಸಾದಾನದ ಪಟ್ಟಿಯಲ್ಲಿ ವಿಷ, ಶಸ್ತ್ರ, ಅಗ್ನಿ, ಹಗ್ಗ, ಚಾವಟಿಗಳೊಡನೆ ದಂಡವನ್ನೂ, ಅಂದರೆ ಬರಿಯ ಕೋಲನ್ನೂ, ಸೇರಿಸಿದ್ದಾರೆ. ಸಾಮಾನ್ಯ ಕೋಲನ್ನು ಕೊಡುವಾಗಲೂ ಅದು ಏತಕ್ಕೆ ಹೋಗುತ್ತಿದೆಯೆಂದು ವಿಚಾರಿಸಬೇಕೆಂಬುದು ಆಚಾರ್ಯರ ಆಶಯ.

ಎರಡನೆಯದು ಹರಿಗೋಲು. ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಹೊರಗೆ ಎತ್ತಿನ ಚರ್ಮ ಹೊದಿಸಿದ ಈ ದೋಣಿ ಕಾವೇರಿಯ ಉದ್ದಕ್ಕೂ ಬಳಕೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಕಲ್ಲುಕಂಬದ ಸೇತುವೆ ಮುಗಿದ ಮೇಲೆಯೂ ಅನೇಕ ಕಡವುಗಳಲ್ಲಿ ಹರಿಗೋಲೇ ಗತಿಯಾಗಿತ್ತು. ಚರ್ಮವನ್ನು ಮುಟ್ಟಬಾರದೆಂಬ ಶ್ರಾವಕನು ಚರ್ಮದ ಮೇಲೆಯೇ ಕುಳಿತು ಹೊಳೆ ದಾಟಬೇಕಾಗಿತ್ತು. ಕಾಲಕ್ರಮದಲ್ಲಿ ಚರ್ಮದ ಬದಲು ಟಾರು ಬಳಿದ ಗೋಣಿ, ಪ್ಲಾಸ್ಟಿಕ್ ಹಾಳೆಗಳು ಬಂದವು. ಬಿದಿರು ಮಾತ್ರ ಹಾಗೆಯೇ ಉಳಿಯಿತು. ಹೆಣಿಗೆಯು ನಿರ್ದೋಷವಾಗಿದ್ದರೂ ಹೊದಿಕೆಯಲ್ಲಿ ಹಿಂಸೆ ಇರಬಹುದು.

ಮೂರನೆಯದು ಚಂದ್ರಿಕೆ. ಇದನ್ನು ಕುರಿತು ನಾವು ಮೌನ ಮುರಿಯಬೇಕಾಗಿದೆ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಆ ಉದ್ಯಮಕ್ಕೆ ನೆಲೆ ಹಾಕಿದನು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಸಾಧನವೇ ಚಂದ್ರಿಕೆ. ಸುಮಾರು ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿ ಬಿಗಿದ ಬಿದಿರಿನ ಪಟ್ಟಿ. ಒಂದು ಚಂದ್ರಿಕೆಯಲ್ಲಿ ಸಾವಿರದಷ್ಟು ಹುಳುಗಳು ಗೂಡು ಕಟ್ಟುತ್ತವೆ. ಅಂದವಾದ ಕಸುಬು, ಬಡವರಿಗೆ ಅನ್ನ ಕೊಟ್ಟ ಕಸುಬು. ಆದರೆ ಗೂಡಿನಿಂದ ಎಡೆಬಿಡದ ಎಳೆ ತೆಗೆಯಬೇಕಾದರೆ ಒಳಗಿನ ಜೀವ ಹೊರಬರುವ ಮೊದಲೇ ಬಿಸಿಹಬೆಗೋ ಕುದಿನೀರಿಗೋ ಬಲಿಯಾಗಬೇಕು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಹಸಿ ಗೆಡ್ಡೆಯನ್ನು ಮುಟ್ಟದ ನಾವು ಅಭಿಷೇಕಕ್ಕೆ 'ಮಡಿ' ಎಂದು ರೇಷ್ಮೆ ಉಟ್ಟು ಜಿನಬಿಂಬದ ಮುಂದೆ ನಿಲ್ಲುತ್ತೇವೆ. ಬಿದಿರಿನ ಆ ತಟ್ಟಿಯಲ್ಲಿ ಹೊಳೆಯುವ ಸಾವಿರ ಗೂಡುಗಳನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಗಳೆ: ಅಳತೆಯ ಪ್ರಾಮಾಣ್ಯ

ಬಿದಿರಿನ ಉದ್ದಕೋಲಿಗೆ ಗಳ, ಗಳು, ಗಳೆ ಎಂಬ ಹೆಸರುಗಳಿವೆ. ಶಾಸನಗಳಲ್ಲಿ 'ಗಳೆ' ಎಂಬುದು ಭೂಮಿ ಅಳೆಯುವ ಕೋಲು. ಬಸದಿಗೋ ದೇಗುಲಕ್ಕೋ ಭೂಮಿ ಬಿಡುವಾಗ ಎಷ್ಟು ಮತ್ತರು, ಎಷ್ಟು ಕಂಬ ಎಂದು ಬರೆಯುವುದರೊಡನೆ ಯಾವ ಗಳೆಯಿಂದ ಅಳೆದುದೆಂದೂ ಬರೆಯುವ ಕ್ರಮವಿತ್ತು. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ಭೇರುಂಡ ಗಳೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದು ನಾಡಿನ ಗಳೆಗೂ ಇನ್ನೊಂದು ನಾಡಿನ ಗಳೆಗೂ ಉದ್ದದಲ್ಲಿ ವ್ಯತ್ಯಾಸವಿದ್ದುದರಿಂದ ಗಳೆಯ ಹೆಸರಿಲ್ಲದ ಲೆಕ್ಕ ಅಪೂರ್ಣವಾಗುತ್ತಿತ್ತು. ದಾನ ಎಷ್ಟೇ ದೊಡ್ಡದಾಗಿರಲಿ, ಅಳತೆಯ ಕೋಲು ಯಾವುದೆಂದು ಬಹಿರಂಗವಾಗಿ ಹೇಳದಿದ್ದರೆ ಮುಂದೆ ವಿವಾದ ತಪ್ಪದೆಂಬುದನ್ನು ಆ ಜನ ಅರಿತಿದ್ದರು.

ನಮ್ಮ ಈ ನಾಲ್ಕು ತಾಲ್ಲೂಕುಗಳು ಇಂತಹ ದಾನಗಳ ನೆಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗರ ಕಾಲದ ಶಿಲ್ಪಸಂಪತ್ತು. ಅಲ್ಲಿಯ ಬ್ರಹ್ಮದೇವರ ಕಂಬದಿಂದಲೇ ಊರಿಗೆ ಹೆಸರು ಬಂದಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಪಾರ್ಶ್ವನಾಥ ಬಸದಿಯು 12ನೆಯ ಶತಮಾನದಲ್ಲಿ ವಿಷ್ಣುವರ್ಧನನ ಕಾಲದ ನೊಳಬಿಸೆಟ್ಟಿ ಎಂಬ ವರ್ತಕನ ಹೆಸರಿನೊಡನೆ ಸೇರಿಕೊಂಡಿದೆ. ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಬಸ್ತಿ ಹೊಸಕೋಟೆಯ ಬಾಹುಬಲಿ ನಿಂತಿದ್ದಾನೆ. ಅರಸರಷ್ಟೇ ವ್ಯಾಪಾರಿಗಳೂ ಧರ್ಮವನ್ನು ಹೊತ್ತು ನಡೆದ ಸೀಮೆ ಇದು. ಹಾಗೆ ಹೊತ್ತ ವ್ಯಾಪಾರಿಗೆ ತತ್ತ್ವಾರ್ಥಸೂತ್ರವು ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ಒಂದನ್ನು ಸ್ಪಷ್ಟವಾಗಿ ವಿಧಿಸಿದೆ: ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆಯ, ಕೊಳ್ಳುವಾಗ ಹೆಚ್ಚಿನ ಅಳತೆ ತೂಕಗಳನ್ನು ಬಳಸುವುದು.

ಬೇರು: ಮಾಯಾಕಷಾಯ

ನೆಲದ ಮೇಲೆ ಇಷ್ಟು ನೆಟ್ಟಗಿರುವ ಬಿದಿರು ನೆಲದ ಕೆಳಗೆ ಹೇಗಿದೆ? ಹಳೆಯ ಮೆಳೆಯನ್ನು ಅಗೆದವರಿಗೆ ಗೊತ್ತು. ಗೆಡ್ಡೆಯಂತಹ ಕಾಂಡದಿಂದ ಮತ್ತೊಂದು ಗೆಡ್ಡೆ ಬಾಗಿ ಹೊರಟು, ಅದರಿಂದ ಇನ್ನೊಂದು ಕವಲೊಡೆದು, ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಯಾವುದು ಎಲ್ಲಿ ಮೊದಲಾಯಿತೆಂದು ಹೇಳಲಾಗದು. ನೇರ ಮಾಡಲು ಹೋದರೆ ಮುರಿಯುತ್ತದೆಯೇ ಹೊರತು ನೇರವಾಗುವುದಿಲ್ಲ.

ಚಾವುಂಡರಾಯನ ಗುರುಗಳಲ್ಲೊಬ್ಬರಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ನಾಲ್ಕು ಕಷಾಯಗಳಿಗೂ ನಾಲ್ಕು ನಾಲ್ಕು ಉಪಮಾನಗಳನ್ನು ಕೊಟ್ಟಿದ್ದಾರೆ. ಮಾಯೆಗೆ, ಅಂದರೆ ಕಪಟಕ್ಕೆ, ಅವರು ಹೇಳಿದ ನಾಲ್ಕು ಸೊಟ್ಟುಗಳಲ್ಲಿ ಅತ್ಯಂತ ತೀವ್ರವಾದುದು ಬಿದಿರಿನ ಬೇರು. ಅದಕ್ಕಿಂತ ಕಡಿಮೆಯದು ಟಗರಿನ ಕೊಂಬು, ಅದಕ್ಕೂ ಕಡಿಮೆ ನಡೆಯುತ್ತಿರುವ ಹಸುವಿನ ಮೂತ್ರದ ಗೆರೆ, ಕೊನೆಯದು ಕ್ಷುರಪ್ರವೆಂಬ ಆಯುಧದ ಸೊಟ್ಟು. ಬಿದಿರ ಬೇರಿನಂತಹ ಮಾಯೆಗೆ ನರಕಗತಿಯೇ ಫಲ. ಕೇಶವವರ್ಣಿಗಳು 1359ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ರಚಿಸಿದುದರಿಂದ ಈ ಅರ್ಥ ಕನ್ನಡ ಶ್ರಾವಕರಿಗೂ ಸುಲಭವಾಯಿತು. ಬಿದಿರಿನ ನೆಟ್ಟನೆಯ ಗಳುವನ್ನು ಬಿಟ್ಟು ಬೇರನ್ನು ಆಚಾರ್ಯರು ಏಕೆ ಆರಿಸಿಕೊಂಡರೆಂದು ನಾನು ಬಹುಕಾಲ ಯೋಚಿಸಿದ್ದೇನೆ. ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ನಮ್ಮ ಅಂಗಡಿಯಲ್ಲಿಯೇ.

ನಾನು ಕಾಲೇಜಿನಲ್ಲಿದ್ದ ದಿನಗಳು. ರೈತರು ತಂದ ರಾಗಿ, ಹುರುಳಿ, ಹುಚ್ಚೆಳ್ಳನ್ನು ದೊಡ್ಡ ಮಂಕರಿಗೆ ಸುರಿದು ತಕ್ಕಡಿಗೆ ಏರಿಸುತ್ತಿದ್ದೆವು. ಒಟ್ಟು ತೂಕದಲ್ಲಿ ಮಂಕರಿಯ ತೂಕ ಕಳೆದು ಲೆಕ್ಕ ಬರೆಯುವುದು ಪದ್ಧತಿ. ಮಂಕರಿಯ ತೂಕವನ್ನು ಅದು ಹೊಸದಾಗಿ ಬಂದ ದಿನ ತೂಗಿ, ಅದರ ಅಂಚಿಗೆ ಸುಣ್ಣದಲ್ಲಿ ಬರೆದಿಡುತ್ತಿದ್ದೆವು. ಹಸಿ ಬಿದಿರಿನ ಮಂಕರಿ ಎರಡು ಮೂರು ತಿಂಗಳಲ್ಲಿ ಒಣಗಿ ಹಗುರವಾಗುತ್ತದೆ. ನಾವು ಮಾತ್ರ ಹಸಿಯ ತೂಕವನ್ನೇ ಕಳೆಯುತ್ತಿದ್ದೆವು. ಪ್ರತಿ ತೂಕಕ್ಕೂ ಕಾಲು ಕಿಲೋದಷ್ಟು ದವಸ ನಮ್ಮ ಕಡೆಗೆ ಬರುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಕಲ್ಲು ಬದಲಿಸಿರಲಿಲ್ಲ.

ಒಂದು ದಿನ ಸಡಿಲವಾದ ಅಂಚನ್ನು ಬಿಗಿಯಲು ಬಂದ ವೃದ್ಧೆಯೊಬ್ಬಳು, ಮೇದರವಳು, ಮಂಕರಿಯನ್ನು ಎತ್ತಿ ನೋಡಿ ನಮ್ಮ ತಂದೆಯವರಿಗೆ, "ಸೆಟ್ಟರೇ, ಒಣಗಿ ಹಗೂರಾಗೈತಲ್ಲ, ಇನ್ನೂ ಹಸೀ ತೂಕಾನೇ ಹಿಡೀತಿದ್ದೀರಾ?" ಎಂದಳು. ತಂದೆಯವರು ಆಗಲೇ ಬರಿಯ ಮಂಕರಿಯನ್ನು ತೂಗಿಸಿದರು. ಅಂಚಿನ ಸುಣ್ಣ ಅಳಿಸಿದರು. ಅಂದಿನಿಂದ ಪ್ರತಿ ಸಂತೆಯ ಬೆಳಿಗ್ಗೆ ಬರಿಯ ಮಂಕರಿಯನ್ನು ಎಲ್ಲರೆದುರಿಗೆ ತೂಗಿದ ಮೇಲೆಯೇ ವ್ಯಾಪಾರ.

ಹಿಂದೆ ಕಳೆದುಕೊಂಡವರ ಗತಿಯೇನು? ಖರೀದಿ ಪುಸ್ತಕದಲ್ಲಿ ಹೆಸರು, ಊರು, ತೂಕ, ತಾರೀಖು ಎಲ್ಲವೂ ಇದ್ದವು. ತಂದೆಯವರು ಲೆಕ್ಕ ತೆಗೆಯೆಂದು ನನಗೆ ಹೇಳಿದರು. ವಾಣಿಜ್ಯ ಓದುತ್ತಿದ್ದ ನಾನು, ಇದು ವ್ಯಾಪಾರದ ವಾಡಿಕೆ, ಪ್ರತಿಯೊಬ್ಬರ ಪಾಲಿಗೆ ಬರುವುದು ಕೆಲವು ಪೈಸೆ, ಹುಡುಕಿಕೊಂಡು ಹೋಗುವ ಖರ್ಚೇ ಹೆಚ್ಚು, ಅದರ ಬದಲು ಒಟ್ಟು ಮೊತ್ತವನ್ನು ಬಸದಿಗೆ ಕೊಟ್ಟುಬಿಡೋಣ ಎಂದು ವಾದಿಸಿದೆ. ಹಾಗೆಯೇ ಆಯಿತು. ರಸೀದಿ ಬಂದಿತು, ಹೆಸರೂ ಬಂದಿತು. ತಂದೆಯವರು ಮತ್ತೆ ಆ ಮಾತೆತ್ತಲಿಲ್ಲ.

ವರ್ಷಗಳ ಮೇಲೆ ಸ್ವಾಧ್ಯಾಯದಲ್ಲಿ ಮಾಯೆಯ ಗಾಥೆ ಬಂದಾಗ ನನಗೆ ನೆನಪಾದುದು ಆ ರಸೀದಿ. ತೂಕದ ತಪ್ಪು ಅಜಾಗ್ರತೆಯದು. ಅದನ್ನು ತಂದೆಯವರು ಒಂದೇ ಗಳಿಗೆಯಲ್ಲಿ ತಿದ್ದಿದರು. ನನ್ನದು ತಿಳಿದು ಮಾಡಿದ್ದು. ರೈತನಿಗೆ ಸಲ್ಲಬೇಕಾದುದನ್ನು ದೇವರಿಗೆ ಕೊಟ್ಟು ನಾನೇ ದಾನಿಯೆನಿಸಿಕೊಂಡೆ. ಒಂದು ಸೊಟ್ಟನ್ನು ಮುಚ್ಚಲು ಇನ್ನೊಂದು ಸೊಟ್ಟು, ಅದಕ್ಕೆ ಧರ್ಮದ ಹೆಸರು. ಮೇಲೆ ನಿಂತ ಗಳು ನೆಟ್ಟಗೇ ಕಾಣುತ್ತಿತ್ತು. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ. ಅದರಲ್ಲಿನ ಕೆಲವು ಮನೆತನಗಳನ್ನು ಈಚೆಗೆ ಹುಡುಕಿ, ಲೆಕ್ಕ ಹೇಳಿ, ಸಲ್ಲಬೇಕಾದುದನ್ನು ಮಕ್ಕಳ, ಮೊಮ್ಮಕ್ಕಳ ಕೈಗೆ ಕೊಟ್ಟು ಬಂದಿದ್ದೇನೆ. ಕೆಲವರು ನಕ್ಕರು. ಒಬ್ಬರು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಊರು ಬಿಟ್ಟು ಹೋದವರ ಹೆಸರುಗಳೇ ಹೆಚ್ಚಾಗಿ ಉಳಿದಿವೆ.

ಕಳಲೆ, ಕತ್ತಿ ಮತ್ತು ಲೇಶ್ಯೆ

ಮಳೆಗಾಲದಲ್ಲಿ ಏಳುವ ಬಿದಿರಿನ ಮೊಳಕೆ, ಕಳಲೆ, ಮಲೆನಾಡು ಕೊಡಗುಗಳಲ್ಲಿ ಪ್ರಿಯವಾದ ಪದಾರ್ಥ. ಜೀವಕಾಂಡವು ನರ, ಸಂಧಿ, ಗಿಣ್ಣುಗಳು ಇನ್ನೂ ಪ್ರಕಟವಾಗದ ಎಳೆಯ ವನಸ್ಪತಿಯನ್ನು ಅನಂತ ಜೀವಗಳ ಆಶ್ರಯವೆಂದು ಹೇಳುತ್ತದೆ. ಶ್ವೇತಾಂಬರ ಗ್ರಂಥಗಳು ಅನಂತಕಾಯಗಳ ಪಟ್ಟಿಯಲ್ಲಿ ಬಿದಿರಿನ ಮೊಳಕೆಯನ್ನು ಹೆಸರಿಸಿಯೇ ಸೇರಿಸಿವೆ. ಮೇದರ ಅನುಭವವೂ ಇದಕ್ಕೆ ವಿರುದ್ಧವಲ್ಲ. ಕಳಲೆಯನ್ನು ಮುರಿದರೆ ಮುಂದಿನ ವರ್ಷದ ಗಳುವಿಲ್ಲ. ಮೂರು ವರ್ಷ ದಾಟಿ ಬಲಿತ ಗಳುವನ್ನು ಮಾತ್ರ ಕಡಿದು, ಎಳೆಯದನ್ನು ಬಿಟ್ಟು, ಬೇರಿಗೆ ಪೆಟ್ಟಾಗದಂತೆ ನಡೆದುಕೊಂಡರೆ ಮೆಳೆ ಹತ್ತಾರು ವರ್ಷ ಕೊಡುತ್ತಲೇ ಇರುತ್ತದೆ.

ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿ ಷಟ್‌ಲೇಶ್ಯೆಗಳ ವೃಕ್ಷವನ್ನು ನೋಡಿದವರು ಇದನ್ನು ಕೂಡಲೇ ಗುರುತಿಸಿಯಾರು. ಹಣ್ಣಿಗಾಗಿ ಒಬ್ಬನು ಬುಡವನ್ನೇ ಕಡಿಯುತ್ತಾನೆ, ಇನ್ನೊಬ್ಬನು ಕೊಂಬೆಯನ್ನು. ಶುಕ್ಲಲೇಶ್ಯೆಯವನು ಉದುರಿದ ಹಣ್ಣನ್ನಷ್ಟೇ ಆಯ್ದುಕೊಳ್ಳುತ್ತಾನೆ. 13ನೆಯ ಶತಮಾನದ ಆಶಾಧರರು ಸಾಗಾರಧರ್ಮಾಮೃತದಲ್ಲಿ ಕಾಡು ಕಡಿದು ಜೀವಿಸುವುದನ್ನು ಶ್ರಾವಕನು ಬಿಡತಕ್ಕ ಹದಿನೈದು ಖರಕರ್ಮಗಳೊಡನೆ ಹೇಳಿರುವುದು ಈ ದೃಷ್ಟಿಯಿಂದಲೇ.

ಕಳೆದ ಶತಮಾನದಲ್ಲಿ ಬಿದಿರಿಗೆ ಬಂದುದು ಬುಡ ಕಡಿಯುವವನ ಕಾಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದದ ಕಾರ್ಖಾನೆ, ಅನಂತರ ದಾಂಡೇಲಿಯದು, ಬಿದಿರನ್ನೇ ಕಚ್ಚಾವಸ್ತುವಾಗಿ ಬಳಸಿದವು. ಕಾರ್ಖಾನೆಗಳಿಗೆ ಕಾಡಿನ ಬಿದಿರು ತೀರ ಅಗ್ಗದ ದರದಲ್ಲಿಯೂ ಬುಟ್ಟಿ ಹೆಣೆಯುವವರಿಗೆ ಪೇಟೆಯ ದುಬಾರಿ ದರದಲ್ಲಿಯೂ ಸಿಕ್ಕಿದ ಅನ್ಯಾಯವನ್ನು ವಿಜ್ಞಾನಿ ಮಾಧವ ಗಾಡ್ಗೀಳರು ವಿವರವಾಗಿ ಬರೆದಿದ್ದಾರೆ. 1927ರ ಅರಣ್ಯ ಕಾಯಿದೆಯು ಬಿದಿರನ್ನು 'ಮರ' ಎಂದು ಎಣಿಸಿದ್ದುದರಿಂದ ರೈತನು ತನ್ನ ಹೊಲದ ಬಿದಿರನ್ನು ಸಾಗಿಸಲೂ ತೊಡಕಿತ್ತು. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರಿಗೆ ಈ ಬಂಧನ ತಪ್ಪಿದೆ. ಇದರ ಜೊತೆಗೆ ಬಿದಿರಿನ ಸ್ವಭಾವವೂ ವಿಚಿತ್ರ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಸೀಮೆಗೆ ಸೀಮೆಯೇ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಒಟ್ಟಿಗೆ ಸಾಯುತ್ತದೆ. ಆ ವರ್ಷಗಳಲ್ಲಿ ಮೇದರ ಮನೆಗೆ ಬಿದಿರಿನ ಬರ.

ನಾವು ಮಾಡಬಹುದಾದುದು

ಬಸದಿಗಳ ಟ್ರಸ್ಟುಗಳಲ್ಲಿರುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ. ಬಸದಿಯ ಮೊರ, ಬುಟ್ಟಿ, ಜರಡಿಗಳನ್ನು ಮೇದರಿಂದಲೇ ಕೊಳ್ಳೋಣ. ಪೂಜೆಗೆ ಸಾವಿರ ಕೊಡುವ ಕೈ ಬುಟ್ಟಿಯ ಬೆಲೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡದಿರಲಿ. ಬಸದಿಯ ಜಮೀನಿನ ಅಂಚಿನಲ್ಲಿ ಮೆಳೆಯಿದ್ದರೆ ಉಳಿಸೋಣ, ಇಲ್ಲದಿದ್ದರೆ ಬೆಳೆಸೋಣ. ಅಭಿಷೇಕಕ್ಕೆ ಶುಭ್ರವಾದ ಹತ್ತಿಯ ಧೋತ್ರ ಸೀರೆಗಳೇ ಸಾಕೆಂದು ಒಂದು ಸಭೆಯಲ್ಲಿಯಾದರೂ ಚರ್ಚಿಸೋಣ. ದಾನ ಬಂದಾಗ ರಸೀದಿ ಬರೆಯುವ ಮೊದಲು, ಇದು ಬೇರೆ ಯಾರಿಗಾದರೂ ಸಲ್ಲಬೇಕಾದುದಲ್ಲವಷ್ಟೆ ಎಂದು ಕೇಳುವ ಧೈರ್ಯ ತಂದುಕೊಳ್ಳೋಣ. ನನ್ನನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ನಾನು ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಹಳ್ಳಿ ಸುತ್ತಬೇಕಾಗಿರಲಿಲ್ಲ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದವರು ಅಲ್ಲಿಯ ನಡುಗಡ್ಡೆಗಳ ಬಿದಿರ ಮೆಳೆಗಳನ್ನು ಗಮನಿಸಿರಬಹುದು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಅಣೆಕಟ್ಟೆಯಿಂದ ಮೂಡಿದ ದ್ವೀಪಗಳವು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದವು. ಅಲ್ಲಿ ಯಾರೂ ಬಿದಿರು ಕಡಿಯುವುದಿಲ್ಲ, ಅಳೆಯುವುದಿಲ್ಲ, ಮಾರುವುದಿಲ್ಲ. ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ, ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಆ ಗೂಡುಗಳಿಂದ ಜೀವ ಹೊರಗೆ ಬರುತ್ತದೆ.

ಜೈನಂ ಜಯತು ಶಾಸನಂ.